ಎಲೆ ಹಳದಿ ಆಯ್ತು ಅಂತ ಗೊಬ್ಬರ ಸುರಿಯಬೇಡಿ, ಮೊದಲು ನಲ್ಲಿ ನೋಡಿ

ಕೆನಡಾದಲ್ಲಿ ಮನೆಯೊಳಗೆ ಗಾಂಜಾ ಗಿಡ ಬೆಳೆಸುತ್ತಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ಚಳಿಗಾಲದಲ್ಲಿ ನನ್ನ ನಾಲ್ಕೂ ಗಿಡ ಕೈಬಿಟ್ಟು ಹೋದವು. ಮೂರೂವರೆ ತಿಂಗಳ ಆರೈಕೆ ಕಸದ ಚೀಲ ಸೇರಿತು. ನನಗಾದದ್ದು ನಿಮಗೆ ಆಗಬಾರದು.

ಕಾನೂನಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ 2018ರ ಅಕ್ಟೋಬರ್ 17ರಿಂದ ಇದಕ್ಕೆ ಅನುಮತಿ ಇದೆ. ಆದರೆ ಮನೆಗೆ ನಾಲ್ಕು ಗಿಡ, ತಲೆಗೆ ನಾಲ್ಕಲ್ಲ. ಕ್ವಿಬೆಕ್ ಪ್ರಾಂತ್ಯದಲ್ಲಿ ಮನೆಯಲ್ಲಿ ಬೆಳೆಸುವಂತಿಲ್ಲ, 2023ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಕೂಡ ಆ ನಿಷೇಧ ಸರಿ ಎಂದಿದೆ. ಊರಲ್ಲಿರುವವರು ದಯವಿಟ್ಟು ಇದನ್ನು ಓದಿ ಕುಂಡ ಇಡಲು ಹೋಗಬೇಡಿ. ಅಲ್ಲಿ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಒಂದೇ ಗಿಡ ಬೆಳೆಸಿದರೂ ಅಪರಾಧ, ಜೈಲಿನ ಮಾತು.

ನಾವಿರುವುದು ಒಂಟಾರಿಯೊದ ವಾಟರ್‌ಲೂ ಕಡೆ. ಇಲ್ಲಿ ಬಹುಪಾಲು ನೆಲದಡಿಯ ನೀರು, ಬಲು ಗಡಸು. ಕೆಟಲ್ ತಳ ನೋಡುನೋಡುತ್ತಲೇ ಬೆಳ್ಳಗಾಗುತ್ತದೆ. ಅದಕ್ಕೇ ಸುಮಾರು ಮನೆಗಳ ಬೇಸ್‌ಮೆಂಟಿನಲ್ಲಿ ನೀರಿನ ಗಡಸುತನ ತೆಗೆಯುವ ವಾಟರ್ ಸಾಫ್ಟ್‌ನರ್ ಇರುತ್ತದೆ. ನಮ್ಮನೆಯಲ್ಲೂ ಇದೆ. ಆಗಾಗ ಒಂದು ಮೂಟೆ ಉಪ್ಪು ತಂದು ಅದರ ಹೊಟ್ಟೆಗೆ ಸುರಿಯುವವನು ನಾನೇ. ಈ ಉಪ್ಪಿನ ಮೂಟೆ ನೆನಪಿಟ್ಟುಕೊಳ್ಳಿ.

ಗಿಡಗಳು ಹೂ ಬಿಡಲಿ ಅಂತ ದೀಪ ಉರಿಯುವ ಹೊತ್ತನ್ನು ದಿನಕ್ಕೆ 12 ಗಂಟೆಗೆ ಇಳಿಸಿದ್ದೆ. ನಾಲ್ಕನೇ ವಾರದವರೆಗೂ ಎಲ್ಲಾ ಚೆನ್ನಾಗಿತ್ತು. ಐದನೇ ವಾರ ಬುಡದ ಎಲೆಗಳು ಹಳದಿ ತಿರುಗಿದವು. ನಾನು ಶೃಂಗೇರಿ ಕಡೆಯವನು. ಅಡಿಕೆಗೆ ಹಳದಿ ಎಲೆ ರೋಗ ಬಂದಾಗ ಜನ ಸುಣ್ಣ, ಗೊಬ್ಬರ ಎಲ್ಲಾ ಹಾಕಿ ಕೈಸೋತದ್ದನ್ನು ಕಣ್ಣಾರೆ ಕಂಡವನು. ಆದರೂ ಹಳದಿ ಕಂಡ ಕೂಡಲೇ ಕೈ ಹೋದದ್ದು ಗೊಬ್ಬರಕ್ಕೇ. ಗಿಡದ ಸಾಮಾನು ಮಾರುವ ಅಂಗಡಿಗೆ ಹೋಗಿ ಮೊಬೈಲಿನ ಫೋಟೊ ತೋರಿಸಿದೆ. ಅಲ್ಲಿದ್ದವರು ಎರಡು ಸೆಕೆಂಡ್ ನೋಡಿ, ನೈಟ್ರೋಜನ್ ಕಡಿಮೆ ಆಗಿದೆ ಅಂತ ಒಂದು ಬಾಟಲಿ ಕೊಟ್ಟರು. ಆ ಫೋಟೊ ತೆಗೆದದ್ದು ಗಿಡ ಬೆಳೆಸುವ ಟೆಂಟಿನ ದೀಪದ ಕೆಳಗೆ. ಆ ಬೆಳಕಿನಲ್ಲಿ ಎಲೆಯ ನಿಜವಾದ ಬಣ್ಣ ಕಾಣುವುದೇ ಇಲ್ಲ.

ಒಂದು ಎಲೆ ಕಿತ್ತು ಕಿಟಕಿ ಹತ್ತಿರ ಹಿಡಿದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ತಡವಾಗಿ ಹಿಡಿದು ನೋಡಿದೆ. ನರಗಳೆಲ್ಲಾ ಹಸಿರಾಗಿಯೇ ಇದ್ದವು, ನಡುವಿನ ಜಾಗ ಮಾತ್ರ ಹಳದಿ. ಅಂಚು ಮೇಲಕ್ಕೆ ಮಡಚಿ ಸುಟ್ಟ ಹಪ್ಪಳದ ಹಾಗೆ ಪಟಪಟ ಮುರಿಯುತ್ತಿತ್ತು. ನೈಟ್ರೋಜನ್ ಕೊರತೆ ಹೀಗಿರುವುದಿಲ್ಲ. ಅದರಲ್ಲಿ ನರವೂ ಸೇರಿ ಇಡೀ ಎಲೆ ಒಂದೇ ಸಮ ಬಿಳಿಚಿಕೊಳ್ಳುತ್ತದೆ. ನರ ಹಸಿರು, ನಡುವೆ ಹಳದಿ, ಅದೂ ಹಳೆ ಎಲೆಯಲ್ಲಿ ಅಂದರೆ ಮೊದಲು ಮೆಗ್ನೀಶಿಯಂ ಕೊರತೆ ನೆನಪಾಗಬೇಕು. ಇದೇ ರೀತಿ ತುದಿಯ ಹೊಸ ಎಲೆಯಲ್ಲಿ ಕಂಡರೆ ಕಬ್ಬಿಣದ ಕಡೆ ನೋಡಬೇಕು, ಬಹಳ ಸಲ ಅದಕ್ಕೆ ಕಾರಣ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿರುವುದು. ಮಣ್ಣಿನ ಕುಂಡಕ್ಕೆ ಪಿಎಚ್ 6ರಿಂದ 6.8ರ ಒಳಗಿದ್ದರೆ ಒಳ್ಳೆಯದು. ಇನ್ನು ಕೊಯ್ಲಿಗೆ ಒಂದೆರಡು ವಾರ ಇರುವಾಗ ದೊಡ್ಡ ಎಲೆಗಳು ತಾವಾಗಿಯೇ ಹಳದಿಯಾಗಿ ಉದುರುತ್ತವೆ. ಅದು ವಯಸ್ಸು, ಅದಕ್ಕೆ ಏನೂ ಮಾಡಬೇಕಿಲ್ಲ.

ಇದೊಂದೂ ಗೊತ್ತಿಲ್ಲದೆ ಹತ್ತು ದಿನದಲ್ಲಿ ಮೂರು ಸಲ ನೈಟ್ರೋಜನ್ ಹಾಕಿದೆ. ಅದು ಅತಿಯಾಗಿ ಮೇಲಿನ ಎಲೆಗಳು ಕಡು ಹಸಿರಾಗಿ ತುದಿ ಹಕ್ಕಿಯ ಉಗುರಿನಂತೆ ಕೆಳಗೆ ಬಾಗಿದವು. ಕೆಳಗಿನ ಹಳದಿ ನಿಲ್ಲಲಿಲ್ಲ, ಅಂಚೆಲ್ಲಾ ಕಂದು. ಕುಂಡದ ಬಾಯಿಯ ಸುತ್ತ ಬೆಳ್ಳಗೆ ಉಪ್ಪು ಕಟ್ಟಿತ್ತು. ಆಗ ಇನ್ಯಾರೋ ಹೇಳಿದರು, ಚೆನ್ನಾಗಿ ನೀರು ಬಿಟ್ಟು ಉಪ್ಪು ತೊಳೆ ಅಂತ. ಬಕೆಟ್‌ಗಟ್ಟಲೆ ಬಿಟ್ಟೆ. ಯಾವ ನಲ್ಲಿಯಿಂದ? ಬೇಸ್‌ಮೆಂಟಿನಲ್ಲಿ ಬಟ್ಟೆ ಒಗೆಯುವ ಕಡೆ ಇದ್ದ ನಲ್ಲಿಯಿಂದ.

ವಿಷಯ ಹೊಳೆದದ್ದು ನನಗಲ್ಲ, ನನ್ನ ಹೆಂಡತಿಗೆ. ನಡುಮನೆಯಲ್ಲಿ ಅವಳದೊಂದು ಕರಿಬೇವಿನ ಕುಂಡ ಇದೆ, ಚಳಿಗಾಲಕ್ಕೆ ಒಳಗೆ ತಂದದ್ದು. ಅದು ಹಸಿರಾಗಿಯೇ ಇತ್ತು. ಒಂದಿನ ಕೆಳಗೆ ಬಂದು ನೋಡಿ, "ಅಲ್ರೀ, ನೀವು ಇದಕ್ಕೆ ಈ ನಲ್ಲಿ ನೀರು ಹಾಕ್ತಿದ್ದೀರಾ? ನಾನು ಅಡುಗೆಮನೆ ತಣ್ಣೀರು ಬಿಟ್ಟು ಬೇರೆ ಹಾಕೋದೇ ಇಲ್ಲ" ಅಂದಳು. ನಮ್ಮನೆಯಲ್ಲಿ ಅಡುಗೆಮನೆಯ ತಣ್ಣೀರು ಮತ್ತು ಹೊರಗಿನ ತೋಟದ ನಲ್ಲಿ ಸಾಫ್ಟ್‌ನರ್‌ಗೆ ಹೋಗುವುದಿಲ್ಲ. ಬೇಸಿಗೆಯಲ್ಲಿ ನಾನು ತೋಟದ ನಲ್ಲಿಯಿಂದ ನೀರು ತರುತ್ತಿದ್ದೆ. ಹೊರಗೆ ಹಿಮ ಬಿದ್ದ ಮೇಲೆ ಹತ್ತಿರ ಇದೆ ಅಂತ ಬೇಸ್‌ಮೆಂಟಿನದು ಹಿಡಿದೆ. ಬದಲಾದದ್ದು ಅಷ್ಟೇ.

ಸಾಫ್ಟ್‌ನರ್ ಮಾಡುವುದಿಷ್ಟು: ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಶಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಗಿಡಕ್ಕೆ ಬೇಕಾದ ಎರಡು ಹೋದವು, ಬೇಡದ್ದು ಬಂತು. ಕುಂಡದ ಮಣ್ಣು ಹಿಡಿಯಷ್ಟು, ಹಾಗಾಗಿ ಸೋಡಿಯಂ ವಾರವಾರ ಅಲ್ಲೇ ಕೂಡುತ್ತದೆ. ನನ್ನ ಹತ್ತಿರ ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಪೆನ್ ಇತ್ತು, ಎರಡೂ ನಲ್ಲಿ ನೀರಿಗೆ ಅದ್ದಿದೆ. ಹೆಚ್ಚುಕಡಿಮೆ ಒಂದೇ ಅಂಕಿ ಬಂತು. ಉಪ್ಪು ಎಷ್ಟಿದೆ ಅಂತ ಮಾತ್ರ ಅದು ಹೇಳುತ್ತದೆ, ಯಾವ ಉಪ್ಪು ಅಂತ ಹೇಳುವುದಿಲ್ಲ. ಆ ಪೆನ್ ನಂಬಿಕೊಂಡು ನೀರು ಸರಿ ಇದೆ ಅಂದುಕೊಳ್ಳಬೇಡಿ. ಪಿಎಚ್ ಮೀಟರ್ ಇದ್ದರೆ 4 ಮತ್ತು 7ರ ದ್ರಾವಣದಲ್ಲಿ ಆಗಾಗ ಸರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಅದೂ ದಾರಿ ತಪ್ಪಿಸುತ್ತದೆ.

ನಲ್ಲಿ ಬದಲಿಸುವ ಹೊತ್ತಿಗೆ ತಡವಾಗಿತ್ತು. ತೊಳೆಯುತ್ತೇನೆ ಅಂತ ಸುರಿದ ನೀರು ಆ ತಣ್ಣನೆ ಬೇಸ್‌ಮೆಂಟಿನಲ್ಲಿ ವಾರವಾದರೂ ಆರಲಿಲ್ಲ. ಮಣ್ಣಿನ ಮೇಲೆ ಸಣ್ಣ ಕರಿ ನುಸಿ ಹಾರಾಡಿದವು, ಕುಂಡದಿಂದ ಕೊಳೆತ ವಾಸನೆ. ಟೆಂಟಿನೊಳಗೆ ತೇವ ಏರಿತು. ಉದುರಿದ ಹಳದಿ ಎಲೆಗಳು ದಪ್ಪ ಹೂಗೊಂಚಲುಗಳ ನಡುವೆ ಸಿಕ್ಕಿಕೊಂಡವು, ನಾನು ತೆಗೆಯಲಿಲ್ಲ. ಒಂದು ಬೆಳಿಗ್ಗೆ ದೊಡ್ಡ ಗೊಂಚಲಿನ ನಡುವಿನ ಪುಟ್ಟ ಎಲೆ ಮುಟ್ಟಿದೆ. ಎಳೆಯುವ ಮೊದಲೇ ಕೈಗೆ ಬಂತು. ಬಿಡಿಸಿ ನೋಡಿದರೆ ಒಳಗೆಲ್ಲಾ ಕಂದು, ಬೂದು ಬೂಷ್ಟು. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ನಾಲ್ಕೂ ಗಿಡ ಬಿಡಿಸಿದೆ, ನಾಲ್ಕರಲ್ಲೂ ಇತ್ತು.

ಬೂಷ್ಟು ಇರುವ ಜಾಗ ಕತ್ತರಿಸಿ ಉಳಿದದ್ದು ಇಟ್ಟುಕೊಳ್ಳೋಣ ಅಂತ ಮನಸ್ಸಾಗುತ್ತದೆ, ನನಗೂ ಆಯ್ತು. ಬೇಡ. ಕಣ್ಣಿಗೆ ಕಾಣದ್ದು ಒಳಗೆ ಹರಡಿರುತ್ತದೆ, ಶ್ವಾಸಕೋಶಕ್ಕೆ ಅಪಾಯ. ಅಸ್ತಮಾ ಇರುವವರಿಗಂತೂ ಇನ್ನೂ ಜಾಸ್ತಿ. ಎಲ್ಲವನ್ನೂ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ.

ನಿಮ್ಮ ಮನೆಯಲ್ಲಿ ಸಾಫ್ಟ್‌ನರ್ ಇದ್ದರೆ ಇವತ್ತೇ ಕೆಳಗಿಳಿದು ಪೈಪ್ ಹಿಡಿದು ಹೋಗಿ, ಯಾವ ನಲ್ಲಿ ಅದಕ್ಕಿಂತ ಮೊದಲೇ ಕವಲೊಡೆದಿದೆ ನೋಡಿ. ಕೆಲವು ಮನೆಗಳಲ್ಲಿ ಅಡುಗೆಮನೆಯದೂ ಸಾಫ್ಟ್‌ನರ್ ದಾಟಿಯೇ ಬರುತ್ತದೆ, ಹಾಗಾಗಿ ನಮ್ಮನೆ ಲೆಕ್ಕ ನಿಮಗೆ ಹೊಂದಬೇಕೆಂದಿಲ್ಲ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ. ನಾನು ಬೇಸ್‌ಮೆಂಟಿನ ನಲ್ಲಿಗೆ ಕೆಂಪು ಟೇಪ್ ಸುತ್ತಿದ್ದೇನೆ. ಈಗ ಗಿಡದ ನೀರು ಮೇಲಿನಿಂದ, ಕರಿಬೇವಿಗೆ ಹಾಕುವ ಚೊಂಬಿನಲ್ಲೇ ಕೆಳಗೆ ಬರುತ್ತದೆ.