ನೀರು ಕುಡಿಯದ ಡ್ರ್ಯಾಗನ್‌ನ ಬಾಯಿಗೆ ನೀರು ಸುರಿಯಬೇಡಿ

ಮನೆಯಲ್ಲಿ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿಯನ್ನು ಸಾಕಿಕೊಂಡು, ಅದು ನೀರನ್ನೇ ಮುಟ್ಟುವುದಿಲ್ಲವೆಂದು ಚಿಂತೆಯಲ್ಲಿರುವವರು ಇದನ್ನು ಮುಂದೆ ಓದುವ ಮೊದಲು ಒಂದು ಕೆಲಸ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ: ಅದರ ಬಾಯಿಗೆ ನೀರು ಹಾಕಲೆಂದು ಸಿರಿಂಜು ತಂದಿಟ್ಟುಕೊಂಡಿದ್ದರೆ ಅದನ್ನು ಕಣ್ಣಿಗೆ ಬೀಳದ ಕಡೆ ಎತ್ತಿಡಿ. ಕಳೆದ ಜನವರಿಯಲ್ಲಿ ಅಂಥದೇ ಒಂದು ಸಿರಿಂಜಿನಿಂದ ನಮ್ಮ ಡ್ರ್ಯಾಗನ್ ಗುಂಡನನ್ನು ಸಾವಿನ ಬಾಗಿಲವರೆಗೆ ಕಳಿಸಿದವರು ಬೇರೆ ಯಾರೂ ಅಲ್ಲ, ನಾನೇ. ಪ್ರೀತಿಯಿಂದಲೇ ಮಾಡಿದ ಕೆಲಸ ಅದು ಎಂಬುದು ಈಗ ನೆನೆದರೆ ಸಮಾಧಾನ ಕೊಡುವುದಿಲ್ಲ, ಸಂಕಟವನ್ನೇ ಹೆಚ್ಚಿಸುತ್ತದೆ.

ನಾವಿರುವುದು ಅಮೆರಿಕದ ಡೆನ್ವರ್ ಪಕ್ಕದ ಒಂದು ಬಡಾವಣೆಯಲ್ಲಿ. ಸಮುದ್ರಮಟ್ಟದಿಂದ 5,280 ಅಡಿ ಎತ್ತರದ ಈ ಊರಿನ ಗಾಳಿ ಮೊದಲೇ ಒಣಗಾಳಿ. ಚಳಿಗಾಲದಲ್ಲಿ ಮನೆಯ ಹೀಟರು ಹಗಲೂ ರಾತ್ರಿಯೂ ಉರಿಯತೊಡಗಿದರೆ ನಮ್ಮ ತುಟಿ, ಹಿಮ್ಮಡಿಗಳೇ ಬಿರಿಯುತ್ತವೆ. ಗುಂಡನ ಗಾಜಿನ ಪೆಟ್ಟಿಗೆಯಲ್ಲಂತೂ ಅದರ ಮೇಲೆ ದಿನಕ್ಕೆ ಹನ್ನೆರಡು ಗಂಟೆ ಶಾಖದ ದೀಪವೂ ಉರಿಯುತ್ತಿತ್ತು. ಅದು ಬೇಕಾದದ್ದೇ, ಈ ಪ್ರಾಣಿ ಮೈ ಕಾಯಿಸಿಕೊಳ್ಳುವ ಕಲ್ಲಿನ ಮೇಲೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿ ಇರದಿದ್ದರೆ ತಿಂದದ್ದು ಅರಗುವುದಿಲ್ಲ. ಆದರೆ ಪೆಟ್ಟಿಗೆಯೊಳಗಿನ ತೇವಾಂಶ ಎಷ್ಟೆಂದು ನಾವು ಒಂದು ದಿನವೂ ಅಳೆದು ನೋಡಿರಲಿಲ್ಲ. ಶೇಕಡಾ 30ರಿಂದ 40ರಷ್ಟಿರಬೇಕಾದದ್ದು ನಮ್ಮಲ್ಲಿ 14ಕ್ಕೆ ಇಳಿದಿತ್ತೆಂದು ತಿಳಿದದ್ದು ಎಲ್ಲ ಮುಗಿದ ಮೇಲೆ, ಹತ್ತು ಡಾಲರಿನ ಒಂದು ಮಾಪಕವನ್ನು ತಂದು ಒಳಗಿಟ್ಟಾಗ.

ಮಾರಿದ ಅಂಗಡಿಯವರು ಹೇಳಿದ್ದು ಎರಡೇ ಮಾತು: ಬಟ್ಟಲಲ್ಲಿ ನೀರಿಡಿ, ವಾರಕ್ಕೆರಡು ಸಲ ಸ್ನಾನ ಮಾಡಿಸಿ. ಬಟ್ಟಲಿನ ನೀರನ್ನು ಗುಂಡ ಮೂರು ವರ್ಷಗಳಲ್ಲಿ ಒಮ್ಮೆಯೂ ಕುಡಿದದ್ದನ್ನು ನಾವು ನೋಡಿಲ್ಲ. ಅದರ ಮೇಲೆ ಕಾಲಿಟ್ಟು ದಾಟಿದ್ದಿದೆ, ಒಮ್ಮೆ ಅದರಲ್ಲೇ ಹಿಕ್ಕೆ ಹಾಕಿದ್ದೂ ಇದೆ. ಚಳಿಗಾಲಕ್ಕೆಂದು ಸಾಗರದಿಂದ ಬಂದಿದ್ದ ನನ್ನ ತಾಯಿ ಇದನ್ನು ನೋಡಿದ ಮೊದಲ ವಾರವೇ, "ಅಲ್ಲ, ಬೇಲಿ ಮೇಲಿನ ಓತಿಕ್ಯಾತ ಯಾವತ್ತಾದರೂ ತಟ್ಟೆಗೆ ಬಾಯಿ ಹಾಕಿ ನೀರು ಕುಡಿದದ್ದು ನೋಡಿದ್ದೀಯಾ? ಎಲೆ ಮೇಲಿನ ಹನಿ ನೆಕ್ಕುತ್ತದಪ್ಪ ಅದು" ಎಂದಿದ್ದರು. ನಾವೆಲ್ಲ ನಕ್ಕು ಸುಮ್ಮನಾದೆವು. ಅವರ ಮಾತು ಸರಿಯಾಗಿಯೇ ಇತ್ತು. ನಮ್ಮ ಓತಿಕ್ಯಾತವೂ ಈ ಡ್ರ್ಯಾಗನ್ನೂ ಅಗಾಮಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಡ್ರ್ಯಾಗನ್‌ನ ಮೂಲ ನೆಲೆ ಆಸ್ಟ್ರೇಲಿಯದ ಒಳನಾಡಿನ ಒಣಪ್ರದೇಶ. ಅಲ್ಲಿ ನಿಂತ ನೀರು ಸಿಗುವುದೇ ಅಪರೂಪ. ಅಪರೂಪಕ್ಕೆ ಮಳೆ ಬಿದ್ದಾಗ ಇದು ಹಿಂಭಾಗವನ್ನು ಎತ್ತಿ, ತಲೆಯನ್ನು ತಗ್ಗಿಸಿ ನಿಲ್ಲುತ್ತದೆ, ಬೆನ್ನಿನ ಮೇಲೆ ಬಿದ್ದ ನೀರು ಹುರುಪೆಗಳ ಸಂದಿಯಲ್ಲಿ ಹರಿದು ಬಾಯಿಯ ಅಂಚಿಗೆ ಬಂದಾಗ ಚಪ್ಪರಿಸುತ್ತದೆ. ಉಳಿದ ದಿನಗಳಲ್ಲಿ ಇದಕ್ಕೆ ನೀರು ಬರುವುದು ತಿನ್ನುವ ಸೊಪ್ಪು ಮತ್ತು ಹುಳುಗಳಿಂದ. ಅಲುಗದ, ಬಣ್ಣವಿಲ್ಲದ ಬಟ್ಟಲಿನ ನೀರು ಅನೇಕ ಡ್ರ್ಯಾಗನ್‌ಗಳಿಗೆ ನೀರೆಂದೇ ಕಾಣಿಸುವುದಿಲ್ಲ.

ಸ್ನಾನದ ಕಥೆ ಇನ್ನೂ ಕೆಟ್ಟದ್ದು. ಪ್ಲಾಸ್ಟಿಕ್ ಟಬ್ಬಿನಲ್ಲಿ ಎರಡು ಇಂಚು ಬೆಚ್ಚಗಿನ ನೀರು ಹಾಕಿ ಬಿಟ್ಟ ಕೂಡಲೇ ಗುಂಡ ಮೈ ಉಬ್ಬಿಸಿಕೊಂಡು, ಗಂಟಲಡಿಯ ಚರ್ಮದ ಗಡ್ಡವನ್ನು ಇದ್ದಿಲಿನಂತೆ ಕಪ್ಪು ಮಾಡಿಕೊಂಡು, ನುಣ್ಣನೆಯ ಗೋಡೆಯನ್ನು ಉಗುರಿನಿಂದ ಪರಪರನೆ ಕೆರೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಸುಸ್ತಾಗಿ ಕಣ್ಣು ಮುಚ್ಚಿಕೊಂಡರೆ ನಾವು ಅದನ್ನು "ಹಾಯಾಗಿದ್ದಾನೆ" ಎಂದುಕೊಳ್ಳುತ್ತಿದ್ದೆವು. ಚರ್ಮದಿಂದಲೂ ಹಿಂಬದಿಯ ದ್ವಾರದಿಂದಲೂ ಇವು ನೀರು ಹೀರಿಕೊಳ್ಳುತ್ತವೆ ಎಂದು ಎಲ್ಲೋ ಓದಿದ್ದರಿಂದ ಹತ್ತು ನಿಮಿಷದ ಸ್ನಾನ ಇಪ್ಪತ್ತಾಯಿತು, ಇಪ್ಪತ್ತು ಅರ್ಧ ಗಂಟೆಯಾಯಿತು. ಒಣನೆಲದ ಹಲ್ಲಿಯ ಚರ್ಮ ಇರುವುದೇ ಒಳಗಿನ ನೀರು ಹೊರಗೆ ಹೋಗದಂತೆ ತಡೆಯಲು. ಹೊರಗಿನ ನೀರೂ ಅದೇ ಚರ್ಮದಲ್ಲಿ ಒಳಗಿಳಿಯುವುದಿಲ್ಲ. ಹಿಂಬದಿಯಿಂದ ಹೀರುತ್ತವೆ ಎಂಬ ಮಾತಿಗೂ ಗಟ್ಟಿ ಆಧಾರವಿಲ್ಲವೆಂದು ನಂತರ ವೈದ್ಯೆ ತಿಳಿಸಿದರು. ಸ್ನಾನದ ನೀರನ್ನು ಕುಡಿಯುವ ಡ್ರ್ಯಾಗನ್‌ಗಳಿವೆ, ಅವುಗಳಿಗೆ ಅದು ಒಳ್ಳೆಯದೇ. ಕುಡಿಯದೆ ಹೆದರುವ ಪ್ರಾಣಿಗೆ ಅರ್ಧ ಗಂಟೆಯ ಸ್ನಾನವೆಂದರೆ ಅರ್ಧ ಗಂಟೆಯ ಭಯ, ಆಮೇಲೆ ಆರಿದ ನೀರಿನ ಚಳಿ, ಅಷ್ಟೇ.

ಡಿಸೆಂಬರಿನ ಕೊನೆಯಲ್ಲಿ ಅಮ್ಮನನ್ನೂ ಕರೆದುಕೊಂಡು ಎರಡು ವಾರ ಟೆಕ್ಸಾಸಿನ ತಮ್ಮನ ಮನೆಗೆ ಹೋಗಿದ್ದೆವು. ಪಕ್ಕದ ಮನೆಯ ಹುಡುಗನಿಗೆ ಸುಲಭವಾಗಲೆಂದು ಸೊಪ್ಪಿನ ಬದಲು ಒಂದು ಡಬ್ಬಿ ಒಣಗಿಸಿದ ಮೀಲ್‌ವರ್ಮ್ ಹುಳು ಕೊಟ್ಟು ಹೋದೆವು. ಜೀವಂತ ಜೀರುಂಡೆಯಲ್ಲಿ ಮುಕ್ಕಾಲಿಗೆ ಸಮೀಪ ನೀರೇ ಇರುತ್ತದೆ. ಒಣಗಿಸಿದ ಹುಳುವಿನಲ್ಲಿ ನೀರು ನೂರಕ್ಕೆ ಐದು ಭಾಗವೂ ಕಷ್ಟ, ಇರುವುದೆಲ್ಲ ಪ್ರೋಟೀನು ಮತ್ತು ಕೊಬ್ಬು. ಇಂಥ ಒಣನೆಲದ ಸರೀಸೃಪಗಳು ಪ್ರೋಟೀನಿನ ಕಸವನ್ನು ನಮ್ಮ ಹಾಗೆ ಮೂತ್ರವಾಗಿ ಅಲ್ಲ, ಯೂರಿಕ್ ಆಮ್ಲದ ಬಿಳಿ ಉಂಡೆಯಾಗಿ ಹೊರಹಾಕುತ್ತವೆ. ನೀರು ಕಡಿಮೆಯಾಗಿ ಪ್ರೋಟೀನು ಹೆಚ್ಚಾದರೆ ಆ ಆಮ್ಲ ಹೊರಬೀಳದೆ ಹರಳುಗಟ್ಟಿ ಮೂತ್ರಪಿಂಡದಲ್ಲಿಯೂ ಕೀಲುಗಳಲ್ಲಿಯೂ ಕೂರುತ್ತದೆ. ಮನುಷ್ಯರಿಗೆ ಬರುವ ಗೌಟ್ ಇವುಗಳಿಗೂ ಬರುವುದು ಹೀಗೆ.

ಮರಳಿ ಬಂದಾಗ ಪೆಟ್ಟಿಗೆಯಲ್ಲಿದ್ದ ಹಿಕ್ಕೆಯ ಬಿಳಿ ಭಾಗ ಬಿಳಿಯಾಗಿರಲಿಲ್ಲ. ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಸೀಮೆಸುಣ್ಣದ ಚೂರಿನಂತಿತ್ತು, ಕಾಗದದಲ್ಲಿ ಹಿಡಿದು ಒತ್ತಿದರೆ ಮರಳಿನಂತೆ ಪುಡಿಯಾಯಿತು. ಕಣ್ಣು ಗುಳಿ ಬಿದ್ದಿತ್ತು. ಪಕ್ಕೆಯ ಚರ್ಮವನ್ನು ಮೆಲ್ಲನೆ ಎತ್ತಿ ಬಿಟ್ಟರೆ ಮಡಿಕೆ ಹಾಗೇ ನಿಂತಿತು. ಇಷ್ಟೆಲ್ಲ ಕಂಡರೂ ನಾನು ಮಗನಿಗೆ ಹೇಳಿದ್ದು, "ಚಳಿಗಾಲ ಅಲ್ವಾ ಪುಟ್ಟ, ಬ್ರೂಮೇಶನ್ ಇರಬೇಕು" ಎಂದು. ಚಳಿಗಾಲದಲ್ಲಿ ಇವು ತಿನ್ನುವುದನ್ನು ಬಿಟ್ಟು ವಾರಗಟ್ಟಲೆ ಮಲಗುವುದು ನಿಜ. ಆದರೆ ಆರೋಗ್ಯವಾಗಿ ಮಲಗಿದ ಪ್ರಾಣಿಯ ಕಣ್ಣು ಗುಳಿ ಬೀಳುವುದಿಲ್ಲ, ತೂಕವೂ ಹೆಚ್ಚು ಇಳಿಯುವುದಿಲ್ಲ. ಅಡಿಗೆಮನೆಯ ತಕ್ಕಡಿಯಲ್ಲಿ ಗುಂಡ 371 ಗ್ರಾಂ ತೂಗಿದ. ನವೆಂಬರಿನಲ್ಲಿ 412 ಇದ್ದ.

ತೂಕ ನೋಡಿದ ಮೇಲೆ ನನಗೆ ಗಾಬರಿ ಹತ್ತಿತು. ಮಗ ಚಿಕ್ಕವನಿದ್ದಾಗ ಅಮ್ಮ ಅವನನ್ನು ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ಔಷಧಿ ಹಾಕುತ್ತಿದ್ದ ದೃಶ್ಯ ಕಣ್ಣಿನಲ್ಲೇ ಇದೆ. ಅದೇ ಭಂಗಿಯಲ್ಲಿ ಗುಂಡನನ್ನು ಟವೆಲಿನಲ್ಲಿ ಸುತ್ತಿ, ದವಡೆಯನ್ನು ಬೆರಳಿನಿಂದ ಬಿಡಿಸಿ, ಐದು ಮಿಲಿಲೀಟರ್ ನೀರನ್ನು ಎರಡೇ ಸಲಕ್ಕೆ ಒಳಗೆ ತಳ್ಳಿದೆ. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯದಕ್ಕೆ ಮೈ ಒಮ್ಮೆ ಸೆಟೆದು, ಮೂಗಿನ ಹೊಳ್ಳೆಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಗುಳ್ಳೆ ಎದ್ದು ಒಡೆಯಿತು. ಮಗ "ಸಾಕು, ಸಾಕು" ಎಂದು ಕೂಗಿದ್ದು ಕೇಳಿಸಿತು. ನೀರು ನೆತ್ತಿಗೇರಿರಬೇಕು, ಸರಿಹೋಗುತ್ತದೆ ಎಂದೆ.

ಸರಿಹೋಗಲಿಲ್ಲ. ಮರುದಿನ ದೀಪದಿಂದ ದೂರದ ತಂಪು ಮೂಲೆಯಲ್ಲಿಯೂ ಬಾಯಿ ತೆರೆದೇ ಉಸಿರಾಡುತ್ತಿದ್ದ. ದೀಪದ ಕೆಳಗೆ ಬಾಯಿ ತೆರೆದು ಕೂರುವುದು ಮೈ ತಂಪು ಮಾಡಿಕೊಳ್ಳುವ ಸಹಜ ಕ್ರಮ. ತಂಪಿನಲ್ಲಿ ಕೂತು ಬಾಯಿ ತೆರೆದರೆ ಅದು ಉಸಿರಿನ ತೊಂದರೆ. ಹತ್ತಿರದ ಪಶು ಚಿಕಿತ್ಸಾಲಯದವರು ನಾಯಿ ಬೆಕ್ಕುಗಳನ್ನು ಬಿಟ್ಟು ಬೇರೆ ನೋಡುವುದಿಲ್ಲವೆಂದರು. ಸರೀಸೃಪ ಬಲ್ಲ ವೈದ್ಯರು ಸಿಗುವಷ್ಟರಲ್ಲಿ ಎರಡು ದಿನ ಕಳೆದಿತ್ತು, ಉಸಿರಿನ ಜೊತೆ ಚಿಟ್ ಚಿಟ್ ಎಂಬ ಸದ್ದೂ ಸೇರಿತ್ತು.

ಆ ವೈದ್ಯೆ ಮಾಡಿದ ಮೊದಲ ಕೆಲಸ ಗುಂಡನ ಬಾಯಿ ತೆರೆದು ನನಗೆ ತೋರಿಸಿದ್ದು. ಗುಲಾಬಿ ಬಣ್ಣದ ದಪ್ಪ ನಾಲಿಗೆಯ ಬುಡದಲ್ಲೇ ಒಂದು ಸಣ್ಣ ಸೀಳು ತೆರೆದು ಮುಚ್ಚುತ್ತಿತ್ತು. ಅದೇ ಶ್ವಾಸನಾಳದ ಬಾಯಿ. ನಮ್ಮಲ್ಲಿ ನುಂಗುವಾಗ ಅದರ ಮೇಲೆ ಬಾಗಿ ಮುಚ್ಚುವ ಮುಚ್ಚಳವಿದೆ, ಇದಕ್ಕೆ ಅಂಥದ್ದಿಲ್ಲ. ನಮಗಿರುವ ವಪೆಯೂ, ಅಂದರೆ ಎದೆಗೂಡಿನ ತಳದ ಸ್ನಾಯುಪರದೆಯೂ, ಇಲ್ಲದ್ದರಿಂದ ಒಳಗೆ ಹೋದ ನೀರನ್ನು ಬಲವಾಗಿ ಕೆಮ್ಮಿ ಹೊರಹಾಕಲೂ ಆಗುವುದಿಲ್ಲ. ನಾನು ಸಿರಿಂಜಿನ ತುದಿಯನ್ನು ಇಟ್ಟದ್ದು ಸರಿಯಾಗಿ ಆ ಸೀಳಿನ ಎದುರಿಗೇ.

ಎಕ್ಸ್‌ರೇಯಲ್ಲಿ ಒಂದು ಶ್ವಾಸಕೋಶ ಮಸುಕಾಗಿತ್ತು, ರಕ್ತದಲ್ಲಿ ಯೂರಿಕ್ ಆಮ್ಲ ಏರಿತ್ತು. ನ್ಯುಮೋನಿಯಾಕ್ಕೆ ಆಂಟಿಬಯಾಟಿಕ್ ಬೇಕು, ಆದರೆ ಒಣಗಿದ ಮೂತ್ರಪಿಂಡದ ಮೇಲೆ ಔಷಧಿಯ ಭಾರ ಹೊರಿಸುವಂತಿಲ್ಲ. ಆದ್ದರಿಂದ ಮೊದಲು ಬೆಚ್ಚಗೆ ಮಾಡಿದ ದ್ರವವನ್ನು ದಿನಕ್ಕೆ ಹತ್ತು ಮಿಲಿಲೀಟರಿನಷ್ಟು ಚರ್ಮದಡಿಗೆ ಕೊಟ್ಟರು. ಆಮೇಲೆ ಮೂರು ದಿನಕ್ಕೊಂದರಂತೆ ಚುಚ್ಚುಮದ್ದು, ಅದೂ ಮುಂಗಾಲಿಗೇ. ಹಿಂಗಾಲಿನ ರಕ್ತ ಈ ಪ್ರಾಣಿಗಳಲ್ಲಿ ಮೊದಲು ಮೂತ್ರಪಿಂಡದ ಕಡೆಗೆ ಹರಿಯುವುದರಿಂದ ಅಲ್ಲಿ ಚುಚ್ಚುವುದಿಲ್ಲವಂತೆ. ಆರು ವಾರ ಹಿಡಿಯಿತು. ಬಿಲ್ಲು ಸಾವಿರ ಡಾಲರು ದಾಟಿತು; ಒಣಹುಳುವಿನ ಡಬ್ಬಿಯಲ್ಲಿ ಉಳಿಸಿದ ಶ್ರಮದ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು.

ಈಗ ನಾವು ನಡೆಸುತ್ತಿರುವ ಕ್ರಮವನ್ನು ಬರೆಯುತ್ತೇನೆ. ಇದರಲ್ಲಿ ಯಾವ ಚಮತ್ಕಾರವೂ ಇಲ್ಲ, ನೀರಿಗೆ ಹೆದರುವ ಪ್ರಾಣಿಗೆ ನೀರನ್ನು ನೀರೆಂದು ತೋರಿಸದೆ ಕೊಡುವುದಷ್ಟೇ. ಬೆಳಿಗ್ಗೆ ಕಾಲರ್ಡ್, ಸಾಸಿವೆ ಸೊಪ್ಪು ಅಥವಾ ಡ್ಯಾಂಡೆಲಿಯನ್ ಎಲೆಯನ್ನು ತೊಳೆದು, ನೀರು ಜಾಡಿಸದೆ, ಹನಿ ತೊಟ್ಟಿಕ್ಕುವಂತೆಯೇ ಹೆಚ್ಚಿ ಇಡುತ್ತೇವೆ. ಈ ಸೊಪ್ಪುಗಳ ತೂಕದಲ್ಲಿ ಶೇಕಡಾ 85ರಿಂದ 90ರಷ್ಟು ನೀರೇ. ಮೇಲೆ ತುರಿದ ಬಟರ್‌ನಟ್ ಕುಂಬಳ. ಸುಲಭವಾಗಿ ಸಿಗುವ ಪಾಲಕ್ ಸೊಪ್ಪನ್ನು ಮಾತ್ರ ನಂಬಿಕೊಳ್ಳಬಾರದು, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಮೈಗೆ ಸಿಗದಂತೆ ಹಿಡಿದಿಡುತ್ತದೆ. ಸೌತೆಕಾಯಿ, ಕಲ್ಲಂಗಡಿ ಅಪರೂಪಕ್ಕೆ ಒಂದೆರಡು ಚೂರು ಸಾಕು. ಮೊದಲನೆಯದರಲ್ಲಿ ಸತ್ವ ಕಡಿಮೆ, ಎರಡನೆಯದರಲ್ಲಿ ಸಕ್ಕರೆ ಹೆಚ್ಚು. ವಾರಕ್ಕೆ ಎರಡು ಸಲ ಹಾರ್ನ್‌ವರ್ಮ್ ಎಂಬ ಹಸಿರು ಹುಳು ಕೊಡುತ್ತೇವೆ. ಅದು ಹೆಚ್ಚುಕಡಿಮೆ ಕಾಲಿರುವ ನೀರಿನ ಚೀಲ. ಗುಂಡ ಅದನ್ನು ಕಂಡರೆ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಾನೆ.

ಇನ್ನು ಹನಿ. ದೀಪ ಹಾಕಿ ಅರ್ಧ ಗಂಟೆ ಮೈ ಕಾದ ಮೇಲೆ, ಮೂಗಿನ ತುದಿಯ ಮೇಲೆ ಡ್ರಾಪರಿನಿಂದ ಒಂದೇ ಒಂದು ಹನಿ ಬಿಡಬೇಕು. ಮೊದಲ ವಾರ ಗುಂಡ ತಲೆ ಕೊಡವಿ ಆಚೆ ಹೋದ, ನಾವೂ ಬಿಟ್ಟುಬಿಟ್ಟೆವು. ಎಂಟನೆಯ ದಿನ ಹನಿ ತುಟಿಯ ಗೆರೆಗೆ ಜಾರಿದಾಗ ನಾಲಿಗೆ ಹೊರಬಂತು. ಅದು ನೆಕ್ಕಿದ ಮೇಲೆಯೇ ಮುಂದಿನ ಹನಿ. ನೆಕ್ಕುವುದನ್ನು ನಿಲ್ಲಿಸಿದರೆ ನಮ್ಮ ಕೈಯೂ ನಿಲ್ಲಬೇಕು. ಬಾಯಿ ತೆರೆಸುವ ಮಾತೇ ಇಲ್ಲ. ಈಗ ಕೆಲವು ದಿನ ಮೂವತ್ತು ಹನಿ ಕುಡಿಯುತ್ತಾನೆ, ಕೆಲವು ದಿನ ಮೂರು.

ತೇವ ಕಡಿಮೆಯಾಯಿತೆಂದು ಪೆಟ್ಟಿಗೆಗೆ ದಿನವಿಡೀ ನೀರು ಸಿಂಪಡಿಸುವುದೂ ಅಪಾಯವೇ. ಹಸಿಯಾಗಿಯೇ ಉಳಿದ ಪೆಟ್ಟಿಗೆಯಲ್ಲಿ ಇವುಗಳಿಗೆ ಶ್ವಾಸಕೋಶದ ಸೋಂಕೂ ಚರ್ಮದ ಶಿಲೀಂಧ್ರವೂ ಬರುತ್ತವೆ. ನಾವು ಕೋಣೆಯಲ್ಲಿ ಸಣ್ಣ ಹ್ಯೂಮಿಡಿಫೈಯರ್ ಇಟ್ಟು, ಮಾಪಕ 35ರ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳುತ್ತೇವೆ. ಸ್ನಾನವನ್ನು ಪೂರ್ತಿ ಬಿಟ್ಟಿದ್ದೇವೆ. ಹಳೆಯ ಟಬ್ಬನ್ನು ಪೆಟ್ಟಿಗೆ ತೊಳೆಯಲು ಮಾತ್ರ ಬಳಸುತ್ತೇವೆ. ಇವುಗಳ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದಾದ್ದರಿಂದ ಅಡಿಗೆಮನೆಯ ಸಿಂಕಿಗೆ ಅದನ್ನು ತರುವುದಿಲ್ಲ.

ಹಿಕ್ಕೆಯ ಬಿಳಿ ಭಾಗವನ್ನು ಪ್ರತಿ ಸಲವೂ ನೋಡಿ. ಮೆತ್ತಗೆ ಬಿಳಿಯಾಗಿದ್ದರೆ ಚಿಂತೆಯಿಲ್ಲ. ಸ್ವಲ್ಪ ಹಳದಿಗೆ ತಿರುಗಿದರೆ ಸೊಪ್ಪು, ಹನಿಗಳನ್ನು ಹೆಚ್ಚಿಸಿ. ಕಿತ್ತಳೆ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ, ಬಾಯೊಳಗಿನ ಜೊಲ್ಲು ಅಂಟಂಟಾಗಿ ಎಳೆ ಬರುತ್ತಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ ಮನೆಯಲ್ಲಿ ಏನನ್ನೂ ಮಾಡಲು ಹೋಗಬೇಡಿ. ಆ ಸ್ಥಿತಿಯಲ್ಲಿ ನೀರು ಸೇರಬೇಕಾದದ್ದು ಚರ್ಮದಡಿಯಿಂದ, ಅದು ವೈದ್ಯರ ಕೆಲಸ. ಸರೀಸೃಪ ನೋಡುವ ವೈದ್ಯರು ನಿಮ್ಮ ಊರಿನಲ್ಲಿ ಯಾರೆಂದು ಪ್ರಾಣಿ ಚೆನ್ನಾಗಿರುವ ಈ ದಿನವೇ ಫೋನು ಮಾಡಿ ಕೇಳಿಟ್ಟುಕೊಳ್ಳಿ. ನಾವು ಕಳೆದುಕೊಂಡ ಎರಡು ದಿನ ಆ ಹುಡುಕಾಟದಲ್ಲೇ ಹೋದವು.

ಗುಂಡ ಮೊನ್ನೆ ಭಾನುವಾರ 405 ಗ್ರಾಂ ತೂಗಿದ. ಯೂರಿಕ್ ಆಮ್ಲ ಇನ್ನೂ ಪೂರ್ತಿ ಇಳಿದಿಲ್ಲ, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕೆಂದು ಹೇಳಿದ್ದಾರೆ. ಹನಿ ಹಾಕುವ ಕೆಲಸ ಮಗನದು. ಡ್ರಾಪರನ್ನು ನನ್ನ ಕೈಗೆ ಅವನು ಇವತ್ತಿಗೂ ಕೊಡುವುದಿಲ್ಲ.