ಎಲೆಕ್ಟ್ರೋಲ್ಯಾರಿಂಕ್ಸ್: ಅಂಗಡಿಗೆ ಸೈ, ಜಗಳಕ್ಕೆ ಸಾಲದು

ಕ್ಯಾನ್ಸರ್ ಅಂತ ಧ್ವನಿಪೆಟ್ಟಿಗೆ ಪೂರ್ತಿ ತೆಗೆದ ಮೇಲೆ ನನ್ನ ಮಾತೆಲ್ಲ ಈ ಮಷೀನಿನದೇ. ಸಣ್ಣ ಟಾರ್ಚಿನಷ್ಟಿದೆ. ಕುತ್ತಿಗೆಗೆ ಒತ್ತಿ ಬಟನ್ ಅದುಮಿದರೆ ಜುಂಯ್ ಅಂತ ನಡುಗುತ್ತೆ, ಆ ಸದ್ದನ್ನು ನಾಲಿಗೆ ತುಟಿ ಸೇರಿ ಮಾತು ಮಾಡುತ್ತವೆ. ದಾವಣಗೆರೆ ಮಂಡಿಪೇಟೆ ಹತ್ತಿರ ನಮ್ಮ ಕಿರಾಣಿ ಅಂಗಡಿ. ವರ್ಷಗಟ್ಟಲೆ ಗಲ್ಲಾದ ಮೇಲೆ ಕೂತು ಬಳಸಿದ್ದೇನೆ.

ಮೊದಲು ಜಾಗ ಹುಡುಕಬೇಕು. ರೇಡಿಯೇಷನ್ ಆದ ಕುತ್ತಿಗೆ ಗಟ್ಟಿಯಾಗಿರುತ್ತೆ, ಅಲ್ಲಿ ಒತ್ತಿದರೆ ಸದ್ದು ಬಾಯಿಗೆ ಹೋಗಲ್ಲ. ನನಗೆ ಸಿಕ್ಕಿದ್ದು ಎಡದವಡೆಯ ಕೆಳಗೆ ಹೆಬ್ಬೆರಳಗಲದ ಮೆತ್ತನೆ ಜಾಗ. ಮಷೀನಿನ ತಲೆ ಅಲ್ಲಿ ಪೂರ್ತಿ ಕೂರಬೇಕು, ಸ್ವಲ್ಪ ಸಂದು ಬಿಟ್ಟರೂ ಬರೀ ಗುಂಯ್. ಎಡಗೈಯಲ್ಲಿ ಹಿಡಿಯೋದು ರೂಢಿ ಮಾಡಿಕೊಳ್ಳಿ, ತಕ್ಕಡಿಗೆ ಬಲಗೈ ಬೇಕು. ಎರಡೂ ಕೈ ಚೀಲದ ಮೇಲಿದ್ದಾಗ ನಾನು ಮೂಗನೇ. (ಚೀಲ ಎತ್ತೋದೂ ಈಗ ಕಷ್ಟ. ಉಸಿರು ಬಿಗಿಹಿಡಿದು ಬಲ ಹಾಕೋಣ ಅಂದರೆ ಆಪರೇಷನ್ನಿನಲ್ಲಿ ಉಸಿರಾಟಕ್ಕೆ ಅಂತ ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ ಗಾಳಿ ಹೋಗಿಬಿಡುತ್ತೆ.)

ಪ ಅಂದರೆ ಬ ಕೇಳಿಸುತ್ತೆ, ತ ಅಂದರೆ ದ. ಶ್ವಾಸಕೋಶದ ಗಾಳಿ ಬಾಯಿಗೆ ಬರದ್ದರಿಂದ ಹ ಅಂತೂ ಹುಟ್ಟೋದೇ ಇಲ್ಲ. ಬಾಯಲ್ಲಿರುವ ಗಾಳಿಯನ್ನೇ ಸಿಡಿಸಿ ಪ, ತ ಹೇಳೋದನ್ನು ಸ್ಪೀಚ್ ಥೆರಪಿಸ್ಟ್ ಕಲಿಸಿದರು. ಆದರೂ ರೇಟು ಹೇಳುವಾಗ ಕ್ಯಾಲ್ಕುಲೇಟರ್ ಗಿರಾಕಿ ಕಡೆ ತಿರುಗಿಸಿಬಿಡುತ್ತೇನೆ.

ಫೋನಿನಲ್ಲಿ ಇದು ಸೋತಿದೆ. ಬ್ಯಾಡಗಿಯಿಂದ ಮೆಣಸಿನಕಾಯಿ ಕಳಿಸುವವರು ಒಮ್ಮೆ, "ಕಂಪ್ಯೂಟರ್ ಬ್ಯಾಡ್ರಿ, ಸಾವ್ಕಾರ್ರ ಕೈಗೆ ಕೊಡ್ರಿ" ಅಂದರು. ನಾನು ಮಾತಾಡಿದಷ್ಟೂ ಅವರಿಗೆ ಅನುಮಾನ ಜಾಸ್ತಿಯಾಯಿತು. ಈಗ ಆರ್ಡರೆಲ್ಲ ವಾಟ್ಸಾಪಿನಲ್ಲೇ. ಸಿಟ್ಟು ಬಂದರಂತೂ ಕೇಳಬೇಡಿ. ದನಿ ಏರಿಸೋಕೆ ಎರಡನೇ ಬಟನ್ ಇದೆ, ಆದರೆ ಅದನ್ನು ಹುಡುಕುವಷ್ಟರಲ್ಲಿ ಸಾಲದವನು ಬೈಕ್ ಹತ್ತಿರುತ್ತಾನೆ. ಮನೆಯವಳ ತಕರಾರು ಬೇರೆ: "ನಿಮ್ಮ ಬೈಗುಳಾನೂ ಜೋಗುಳಾನೂ ಒಂದೇ ರಾಗ ಆತಲ್ರೀ!"

ಇದು ಕೊಡೋದು ಮಾತು ಮಾತ್ರ. ಮೂಗಿನಲ್ಲಿ ಗಾಳಿ ಆಡದೆ ವಾಸನೆ ಹೋಗಿದೆ, ಹಿಟ್ಟು ಮುಗ್ಗಿದ್ದರೆ ಮಗನೇ ಹೇಳಬೇಕು. ಬಾಯಿ ಮುಚ್ಚಿಕೊಂಡೇ ಆಕಳಿಸಿದ ಹಾಗೆ ದವಡೆ ಇಳಿಸಿದರೆ ಮೂಗಿಗೆ ಒಂದಿಷ್ಟು ಗಾಳಿ ಎಳೆಯುತ್ತೆ, ಹಾಗೆ ಕಾಫಿಪುಡಿ ಗುರುತು ಹಿಡಿಯುತ್ತೇನೆ. ಬಿಸಿ ಬೆಣ್ಣೆ ದೋಸೆ ಊದಿ ತಿನ್ನೋ ಕಾಲ ಮುಗಿಯಿತು. ಖಾರದಪುಡಿ ಚೀಲ ಬಿಚ್ಚುವಾಗ ತೂತಿನ ಮೇಲೆ ಒದ್ದೆ ಬಟ್ಟೆ ಇರಲೇಬೇಕು.

ಮಾತಿಗೆ ಇನ್ನೊಂದು ದಾರಿಯೂ ಇದೆ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಕೂರಿಸುವ ವಾಲ್ವ್ ಆದರೆ ದನಿ ಮನುಷ್ಯರದಕ್ಕೆ ಹತ್ತಿರ. ಬೆಂಗಳೂರಿನ ಡಾ. ವಿಶಾಲ್ ರಾವ್ 50 ರೂಪಾಯಿ ಆಸುಪಾಸಿನಲ್ಲೇ 'ಓಂ' ಅನ್ನೋ ವಾಲ್ವ್ ರೂಪಿಸಿದ್ದಾರೆ. ಆದರೆ ವಾಲ್ವ್ ಸವೆದಾಗ ಕುಡಿದ ನೀರು ಶ್ವಾಸನಾಳಕ್ಕೆ ಸೋರುತ್ತೆ, ಆಗಾಗ ಬದಲಾಯಿಸಬೇಕು. ಅಂಗಡಿ ಮುಚ್ಚಿ ಆಸ್ಪತ್ರೆಗೆ ಅಲೆಯಲಾರದ ನನ್ನಂಥವನಿಗೆ ಚಾರ್ಜ್ ಮಾಡುವ ಮಷೀನೇ ವಾಸಿ.

ಅಂಗಡಿಗೆ ನಾಲ್ಕು ಸ್ಟಾರ್, ಫೋನಿಗೆ ಒಂದು. ಕೊಳ್ಳುವಾಗ ಇನ್ನೊಂದು ಬ್ಯಾಟರಿ ಸೇರಿಸಿಯೇ ಕೊಳ್ಳಿ. ಜೇಬಿನಲ್ಲಿ ಒಂದು ಚೀಟಿಯೂ ಇರಲಿ: "ನಾನು ಉಸಿರಾಡೋದು ಕುತ್ತಿಗೆಯಿಂದ. ಆಕ್ಸಿಜನ್ ಅಲ್ಲೇ ಕೊಡಿ."