ನಮ್ಮ ಬೀದಿ ನೋಡಿಕೊಳ್ಳುವ ತಂಡ: ಒಂದು ವರ್ಷ ಕಂಡ ಮೇಲೆ

ಅಂಗಡಿಯವರೆಲ್ಲ ದುಡ್ಡು ಹಾಕಿ ಬೀದಿ ನೋಡಿಕೊಳ್ಳಲು ಒಂದು ತಂಡ ಇಟ್ಟುಕೊಂಡು ವರ್ಷವಾಯಿತು. ಪದ್ಧತಿ ಹೊಸದೇನಲ್ಲ, 1970ರಲ್ಲೇ ಟೊರಾಂಟೊದ ಬ್ಲೂರ್ ವೆಸ್ಟ್ ವಿಲೇಜ್ ವ್ಯಾಪಾರಿಗಳು ಹೀಗೆ ಶುರು ಮಾಡಿದ್ದರು. ನನಗೆ ಮೊದಲು ನಂಬಿಕೆ ಇರಲಿಲ್ಲ. ಈಗ ಇದೆ.

ದೊಡ್ಡ ಬದಲಾವಣೆ ಅಂದ್ರೆ ಸರಕಿನ ಗಾಡಿಗಳದ್ದು. ಮೊದಲು ಯಾವಾಗ ಬೇಕಾದರೂ ಬರುತ್ತಿದ್ದವು, ಒಂದು ಲಾರಿ ಅಡ್ಡ ನಿಂತರೆ ಸಾಕು, ಹಿಂದೆ ಸಾಲು, ಹಾರ್ನ್, ಮಗು ಎತ್ತಿಕೊಂಡ ಗಿರಾಕಿ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯಬೇಕಿತ್ತು. ಈಗ ಅಂಗಡಿ ತೆರೆಯುವ ಮುಂಚೆಯೇ ಸರಕು ಇಳಿಸಬೇಕು, ಒಬ್ಬೊಬ್ಬರಿಗೂ ಸಮಯ ಗೊತ್ತುಮಾಡಿದ್ದಾರೆ. ಬೆಳಿಗ್ಗೆ ಮೇಲ್ವಿಚಾರಕಿ ಚಾಕ್‌ಪೀಸ್ ಹಿಡಿದು ಬೀದಿ ಪೂರ್ತಿ ನಡೆಯುತ್ತಾರೆ. ಎದ್ದ ಕಲ್ಲು, ಅಲುಗಾಡುವ ಚರಂಡಿ ಮುಚ್ಚಳ ಕಂಡರೆ ಸುತ್ತ ಗೆರೆ ಎಳೆದು ಫೋಟೋ ತೆಗೆದು ಕಳಿಸುತ್ತಾರೆ. ನನ್ನ ಬಾಗಿಲ ಮುಂದಿನ ಮುಚ್ಚಳ ಹೀಗೇ ಸರಿಯಾಯ್ತು, ಅದೂ ನಾನು ಬಾಯಿ ಬಿಡುವ ಮುಂಚೆ. ಅಗ್ನಿಶಾಮಕ ವಾಹನದ ದಾರಿಯಲ್ಲಿ ಒಂದು ಸ್ಟೂಲ್ ಕೂಡ ಇಡಲು ಬಿಡುವುದಿಲ್ಲ. ಸ್ವಲ್ಪ ಕಿರಿಕಿರಿ, ಆದರೆ ಸರಿ ಅಲ್ವಾ?

ಕೊರತೆ ಕಸದ್ದು. ಸಂಜೆ ಜನ ಜಾಸ್ತಿ ಇರುವ ಹೊತ್ತಿಗೇ ಕಸದ ಡಬ್ಬಿಗಳು ತುಂಬಿ ತುಳುಕುತ್ತವೆ, ಗಾಡಿ ಬರುವುದು ಮಾತ್ರ ಅಂಗಡಿ ಮುಚ್ಚಿದ ಮೇಲೆ. ರಟ್ಟಿನ ಪೆಟ್ಟಿಗೆಗಳನ್ನು ಮಡಚಿ ಕಟ್ಟಿಟ್ಟರೂ ಮಳೆ ಬಂದರೆ ನೆನೆದು ಬಿಚ್ಚಿಕೊಂಡು ಓಡಾಡುವವರ ಕಾಲಿಗೆ ಸಿಗುತ್ತವೆ. ಎರಡು ಸಲ ಹೇಳಿದೆ, ಬರೆದುಕೊಂಡರು, ಇನ್ನೂ ಏನೂ ಆಗಿಲ್ಲ. ಸಂಜೆ ಇನ್ನೊಂದು ಸುತ್ತು ಗಾಡಿ ಕಳಿಸಿದರೆ 5ಕ್ಕೆ 5 ಕೊಡುತ್ತೇನೆ. ಸದ್ಯಕ್ಕೆ 4.